ಕಾಮಾಲೆಗೆ ಮದ್ದು ಕೇಳುವ ಮೊದಲು, ಯಾವ ಕಾಮಾಲೆ ಎಂದು ಕೇಳೋಣ

ಮಳೆಗಾಲ ಬಂತೆಂದರೆ ನಮ್ಮ ಮದ್ರಸಗಳ ಹಾಜರಿ ಪುಸ್ತಕದಲ್ಲಿ ಖಾಲಿ ಜಾಗ ಜಾಸ್ತಿಯಾಗುತ್ತದೆ. ಮಗು ಯಾಕೆ ಬರಲಿಲ್ಲ ಎಂದು ಕೇಳಿದರೆ ಮೊದಲು 'ಜ್ವರ ಉಸ್ತಾದ್' ಅಂತಾರೆ. ನಾಲ್ಕು ದಿನ ಬಿಟ್ಟು ಕೇಳಿದರೆ 'ಕಾಮಾಲೆಯಂತೆ, ಮದ್ದು ಕೊಡಿಸಿದ್ದೇವೆ' ಅಂತಾರೆ. ಯಾವ ಮದ್ದು? ಊರಲ್ಲಿ ಒಬ್ಬರು ಸೊಪ್ಪು ಅರೆದು ಹಾಲಲ್ಲಿ ಕೊಡುತ್ತಾರೆ, ಮೂರು ದಿನ ಕುಡಿದರೆ ಸಾಕು. ರಕ್ತ ಪರೀಕ್ಷೆ ಮಾಡಿಸಿದ್ರಾ? 'ಇಲ್ಲ ಉಸ್ತಾದ್, ಕಣ್ಣು ನೋಡಿದರೆ ಗೊತ್ತಾಗ್ತದಲ್ಲ.'

ಈ ಉತ್ತರದ ಬಗ್ಗೆ ನಾವು ಸ್ವಲ್ಪ ಕೂತು ಮಾತಾಡಬೇಕಾಗಿದೆ. ಕಣ್ಣು ನೋಡಿದರೆ ಕಾಮಾಲೆ ಆಗಿದೆ ಎಂದು ಗೊತ್ತಾಗಬಹುದು. ಆದರೆ ಯಾವುದರಿಂದ ಆಗಿದೆ, ಲಿವರ್ ಎಷ್ಟು ಕೆಟ್ಟಿದೆ, ಮನೆಯ ಉಳಿದವರಿಗೆ ಹರಡುತ್ತದಾ ಎಂಬ ಮೂರು ಪ್ರಶ್ನೆಗೆ ಕಣ್ಣು ಉತ್ತರ ಹೇಳುವುದಿಲ್ಲ. ಅದನ್ನು ಹೇಳುವುದು ರಕ್ತ. ಇನ್ನೂ ಒಂದು ಸಂಗತಿ ಉಂಟು. ನಮ್ಮ ಮನೆಗಳನ್ನು ಹೆಚ್ಚು ಹಾಳು ಮಾಡುವ ಹೆಪಟೈಟಿಸ್‌ನಲ್ಲಿ ಅನೇಕ ಸಲ ಕಣ್ಣು ಹಳದಿ ಆಗುವುದೇ ಇಲ್ಲ.

ಕಾಮಾಲೆ ರೋಗವಲ್ಲ, ರೋಗದ ಗುರುತು

ಹೆಪಟೈಟಿಸ್ ಎಂದರೆ ಲಿವರ್‌ನ ಉರಿಯೂತ. ರಕ್ತದ ಕೆಂಪು ಕಣ ಹಳತಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಸೋಸಿ ಪಿತ್ತದ ಮೂಲಕ ಹೊರಗೆ ಹಾಕುವುದು ಲಿವರ್‌ನ ಕೆಲಸ. ಲಿವರ್ ಸೋತಾಗ, ಅಥವಾ ಪಿತ್ತನಾಳ ಕಟ್ಟಿಕೊಂಡಾಗ, ಆ ಹಳದಿ ರಕ್ತದಲ್ಲಿ ಉಳಿದು ಕಣ್ಣಲ್ಲಿ, ಚರ್ಮದಲ್ಲಿ ಕಾಣುತ್ತದೆ. ಬಿಲಿರುಬಿನ್ ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುತ್ತದೆ. ಅದು 2.5 ಅಥವಾ 3 ದಾಟಿದ ಮೇಲೆ ನಮ್ಮ ಕಣ್ಣಿಗೆ ಕಾಣಿಸುವುದು. ಅಷ್ಟು ಹೊತ್ತಿಗೆ ರೋಗ ಶುರುವಾಗಿ ಕೆಲವು ದಿನ ಕಳೆದಿರುತ್ತದೆ.

ಹಾಗಾದರೆ ಅದಕ್ಕಿಂತ ಮೊದಲು ಏನು ಕಾಣುತ್ತದೆ? ಮನೆಯಲ್ಲಿ ಉಮ್ಮಂದಿರು ಇದನ್ನು ಗಮನಿಸಬೇಕು. ಸಣ್ಣ ಜ್ವರ, ಮೈಕೈ ನೋವು, ಎದ್ದು ನಿಲ್ಲಲಾರದ ಆಯಾಸ. ಬಿರಿಯಾನಿಯ ವಾಸನೆ ಬಂದರೂ ವಾಕರಿಕೆ. ಬಲ ಪಕ್ಕೆಲುಬಿನ ಕೆಳಗೆ ಭಾರ ಅಥವಾ ನೋವು. ಆಮೇಲೆ ಮೂತ್ರ ಕಟ್ಟಾ ಚಾದ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿನವರಲ್ಲಿ ಕಣ್ಣು ಹಳದಿಯಾಗುವ ಒಂದೆರಡು ದಿನ ಮೊದಲೇ ಇದು ಕಾಣುತ್ತದೆ. ಮಲ ಸುಣ್ಣದ ಹಾಗೆ ಬಿಳಿಚಿದರೆ, ಮೈಯೆಲ್ಲ ತುರಿಸಿದರೆ ಪಿತ್ತ ಇಳಿಯಲು ಎಲ್ಲೋ ತಡೆಯಾಗಿದೆ ಎಂದು ಸಂಶಯಪಡಬೇಕು. ಕಣ್ಣು ನೋಡುವುದಾದರೆ ಹಗಲು ಬೆಳಕಿನಲ್ಲಿ, ಕೆಳ ರೆಪ್ಪೆ ಎಳೆದು ಬಿಳಿ ಭಾಗ ನೋಡಿ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಮೋಸ ಹೋಗುತ್ತೇವೆ.

ಕರಾವಳಿಯಲ್ಲಿ ಇನ್ನೊಂದು ತೊಡಕು ಉಂಟು. ಮಳೆಗಾಲದಲ್ಲಿ ಜ್ವರ ಬಂದು ಕಣ್ಣು ಹಳದಿಯಾದರೆ ಅದು ಹೆಪಟೈಟಿಸ್ ವೈರಸ್ಸೇ ಆಗಬೇಕೆಂದಿಲ್ಲ. ಇಲಿ ಜ್ವರದಲ್ಲೂ ಹಳದಿಯಾಗುತ್ತದೆ. ಗದ್ದೆ, ತೋಟ, ಚರಂಡಿ ನೀರಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಇದು ಬರುವುದು ನಮಗೆ ಗೊತ್ತೇ ಇದೆ. ಮಂಗಳೂರಿಗೆ ಮಲೇರಿಯಾ ಹೊಸತಲ್ಲ, ಅದು ಜೋರಾದರೆ ಅದರಲ್ಲೂ ಕಣ್ಣು ಹಳದಿಯಾಗುತ್ತದೆ. ಇಲಿ ಜ್ವರದಲ್ಲಿ ಕಿಡ್ನಿಗೂ ಏಟು ಬೀಳುತ್ತದೆ, ಸಮಯಕ್ಕೆ ಆ್ಯಂಟಿಬಯೋಟಿಕ್ ಸಿಕ್ಕಿದರೆ ಜೀವ ಉಳಿಯುತ್ತದೆ. ಅಂಥವರಿಗೆ ಮೂರು ದಿನ ಸೊಪ್ಪಿನ ರಸ ಕುಡಿಸಿ ಕಾದರೆ ಕಳೆದುಹೋಗುವುದು ಆ ಮೂರು ದಿನವೇ.

ಲ್ಯಾಬಿನ ಚೀಟಿಯಲ್ಲಿ ಏನಿರುತ್ತದೆ?

ಡಾಕ್ಟರು ಮೊದಲು ಬರೆಯುವುದು ಎಲ್‌ಎಫ್‌ಟಿ, ಅಂದರೆ ಲಿವರ್ ಫಂಕ್ಷನ್ ಟೆಸ್ಟ್. ಅದರಲ್ಲಿ ನಮ್ಮ ಜನ ನೋಡುವುದು ಬಿಲಿರುಬಿನ್ ಒಂದನ್ನೇ. 'ಎಂಟಿತ್ತು, ಆರಕ್ಕೆ ಇಳಿಯಿತು' ಎಂದು ಫೋನಲ್ಲಿ ಊರಿಗೆಲ್ಲ ಸುದ್ದಿ ಹೋಗುತ್ತದೆ. ಉಳಿದ ಸಾಲುಗಳನ್ನೂ ಓದಲು ಕಲಿಯೋಣ.

ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಎರಡು ಸಾಲು ಇರುತ್ತದೆ. ಇವು ಲಿವರ್‌ನ ಕಣಗಳ ಒಳಗಿರುವ ವಸ್ತುಗಳು. ಕಣ ಒಡೆದರೆ ರಕ್ತಕ್ಕೆ ಸೋರುತ್ತವೆ. ಸಾಮಾನ್ಯವಾಗಿ 40ರ ಒಳಗೆ ಇರಬೇಕಾದ್ದು ವೈರಸ್ ಹೆಪಟೈಟಿಸ್ ಜೋರಾಗಿರುವಾಗ ನೂರಾರು, ಕೆಲವೊಮ್ಮೆ ಸಾವಿರ ದಾಟುತ್ತದೆ. ಇಲಿ ಜ್ವರದಲ್ಲಿ ಬಿಲಿರುಬಿನ್ ಬಹಳ ಏರಿದರೂ ಎಸ್‌ಜಿಪಿಟಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಎಂಬುದು ತುಂಬಾ ಏರಿದ್ದರೆ ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಇದೆಯಾ ಎಂದು ಸ್ಕ್ಯಾನಿಂಗ್ ಮಾಡಿಸುತ್ತಾರೆ. ಒಂದೇ ಹಳದಿ ಕಣ್ಣಿನ ಹಿಂದೆ ಎಷ್ಟೊಂದು ಬೇರೆ ಬೇರೆ ರೋಗ, ನೋಡಿ.

ಇನ್ನೊಂದು ಪರೀಕ್ಷೆ ಪಿಟಿ-ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತು ತಯಾರಾಗುವುದು ಲಿವರ್‌ನಲ್ಲಿ. ಲಿವರ್ ಕೈಬಿಡತೊಡಗಿದರೆ ಈ ಸಂಖ್ಯೆ ಏರುತ್ತದೆ. ಕೆಲವೊಮ್ಮೆ ಎಸ್‌ಜಿಪಿಟಿ ಧಡಕ್ಕನೆ ಇಳಿದಿರುತ್ತದೆ, ಮನೆಯವರಿಗೆ ಖುಷಿ. ಆದರೆ ಅದೇ ಹೊತ್ತಿಗೆ ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿದ್ದರೆ ಅದು ಗುಣವಾಗುವ ಲಕ್ಷಣ ಅಲ್ಲ, ಸೋರಲು ಉಳಿದ ಕಣವೇ ಕಡಿಮೆಯಾಗಿದೆ ಎಂಬ ಎಚ್ಚರಿಕೆ. ಅದಕ್ಕೇ ರಿಪೋರ್ಟನ್ನು ನಾವು ಓದಿ ತೀರ್ಮಾನ ಮಾಡುವುದಲ್ಲ, ಡಾಕ್ಟರ ಮುಂದೆ ಇಡಬೇಕು. ರೋಗಿ ಹಗಲಲ್ಲಿ ತೂಕಡಿಸಿ ರಾತ್ರಿ ಎಚ್ಚರ ಇರುವುದು, ಮಾತು ತಪ್ಪುವುದು, ವಸಡಲ್ಲಿ ರಕ್ತ, ನಿಲ್ಲದ ವಾಂತಿ, ಹೊಟ್ಟೆ ಊದುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಹೊರಡಿ.

ಇದಾದ ಮೇಲೆ ಯಾವ ವೈರಸ್ ಎಂಬ ಪರೀಕ್ಷೆ. ಎ ಮತ್ತು ಇ ಎಂಬ ಎರಡು ಬಗೆ ಕೊಳಕು ನೀರು, ಆಹಾರದಿಂದ ಬರುತ್ತವೆ. ಅವಕ್ಕೆ ಐಜಿಎಂ ಎಂಬ ಪ್ರತಿಕಾಯ ಇದೆಯಾ ನೋಡುತ್ತಾರೆ. ಬಿ ಮತ್ತು ಸಿ ರಕ್ತದಿಂದ ಬರುತ್ತವೆ. ಬಿ ಪತ್ತೆಗೆ ಎಚ್‌ಬಿಎಸ್‌ಎಜಿ, ಸಿ ಪತ್ತೆಗೆ ಆ್ಯಂಟಿ ಎಚ್‌ಸಿವಿ. ಡಿ ಎಂಬುದು ಬಿ ಇದ್ದವರಿಗೆ ಮಾತ್ರ ಅಂಟುತ್ತದೆ. ಇಷ್ಟು ಹೆಸರು ನೆನಪಿಡುವುದು ಕಷ್ಟವಾದರೆ ಎಚ್‌ಬಿಎಸ್‌ಎಜಿ ಒಂದನ್ನಾದರೂ ನೆನಪಿಡಿ. ಯಾಕೆಂದು ಮುಂದೆ ಹೇಳುತ್ತೇವೆ.

ಗುಣ ಮಾಡಿದ್ದು ಯಾರು?

ನಾಟಿ ಮದ್ದನ್ನು ಹಳಿಯುವುದು ನಮ್ಮ ಉದ್ದೇಶ ಅಲ್ಲ. ಕೊಡುವವರಲ್ಲಿ ಎಷ್ಟೋ ಮಂದಿ ಒಂದು ರೂಪಾಯಿ ತೆಗೆದುಕೊಳ್ಳದೆ ಕೊಡುತ್ತಾರೆ, ಅವರ ನಿಯ್ಯತ್ ಒಳ್ಳೆಯದೇ. ಆದರೆ ಲೆಕ್ಕವನ್ನು ಸರಿಯಾಗಿ ನೋಡಬೇಕಲ್ಲ. ಮಕ್ಕಳಿಗೆ ಬರುವ ಕಾಮಾಲೆಯಲ್ಲಿ ಹೆಚ್ಚಿನದು ಹೆಪಟೈಟಿಸ್ ಎ. ಅದು ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ತಾನಾಗಿ ಗುಣವಾಗುತ್ತದೆ. ಬೇರು ಕುಡಿದರೂ ಗುಣ, ಕುಡಿಯದಿದ್ದರೂ ಗುಣ. ಹೆಸರು ಬೇರಿಗೆ. ಆ ಹೆಸರನ್ನು ನಂಬಿ ಬಿ ಇದ್ದವನೂ, ಇಲಿ ಜ್ವರದವನೂ, ಪಿತ್ತನಾಳದಲ್ಲಿ ಗಡ್ಡೆ ಇದ್ದವನೂ ಅದೇ ಬಾಗಿಲಿಗೆ ಹೋಗುತ್ತಾನೆ. ತೊಂದರೆ ಶುರುವಾಗುವುದು ಅಲ್ಲಿ. ಏನು ಸೇರಿಸಿದ್ದಾರೆಂದು ಗೊತ್ತಿಲ್ಲದ ಪುಡಿ, ಲೇಹ್ಯ ಮೊದಲೇ ನೊಂದ ಲಿವರ್‌ಗೆ ಇನ್ನಷ್ಟು ಏಟು ಕೊಡುವುದೂ ಉಂಟು. ಜ್ವರಕ್ಕೆಂದು ನಾವೇ ಅಂಗಡಿಯಿಂದ ತಂದು ಮೇಲಿಂದ ಮೇಲೆ ನುಂಗುವ ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ಉಪ್ಪು, ಎಣ್ಣೆ, ಮೀನು ಎಲ್ಲ ಬಿಡಿಸಿ ಬರೀ ಗಂಜಿಯಲ್ಲಿ ಮಲಗಿಸುವ ಪಥ್ಯದಿಂದ ಲಿವರ್‌ಗೆ ಲಾಭ ಇಲ್ಲ. ಸೇರಿದಷ್ಟು ತಿನ್ನಲಿ ಎಂದೇ ಡಾಕ್ಟರು ಹೇಳುತ್ತಾರೆ.

ಉಸ್ತಾದರ ಹತ್ತಿರ ನೀರು ಓದಿಸಲು ಬರುವವರೂ ಇದ್ದಾರೆ. ಖಂಡಿತ ಓದಿ ಕೊಡುತ್ತೇವೆ, ದುಆ ಮಾಡುತ್ತೇವೆ. ಶಿಫಾ ಅಲ್ಲಾಹನ ಕೈಯಲ್ಲಿದೆ. ಆದರೆ ಅಲ್ಲಾಹನು ಪ್ರತಿಯೊಂದು ರೋಗಕ್ಕೂ ಮದ್ದು ಇಳಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರು (ಸ.ಅ.) ಕಲಿಸಿದ್ದನ್ನೇ ಅಲ್ಲವೇ ನಾವು ಮಕ್ಕಳಿಗೆ ಹೇಳಿಕೊಡುವುದು? ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡು ಎಂಬ ಪಾಠವೂ ಅದೇ ಕಿತಾಬಿನದು. ರಕ್ತ ಪರೀಕ್ಷೆ ಎಂದರೆ ಒಂಟೆಯನ್ನು ಕಟ್ಟುವ ಹಗ್ಗ ಎಂದು ತಿಳಿದುಕೊಳ್ಳೋಣ. ಓದಿದ ನೀರು ಕುಡಿದು ಅಲ್ಲಿಂದ ನೇರ ಲ್ಯಾಬಿಗೆ ಹೋದರೆ ಈಮಾನಿಗೆ ಏನೂ ಕಡಿಮೆಯಾಗುವುದಿಲ್ಲ.

ಹರಿದು ಎಸೆದ ಚೀಟಿ

ಈಗ ಎಚ್‌ಬಿಎಸ್‌ಎಜಿ ವಿಷಯ. ಈ ಹೆಸರು ನಮ್ಮ ಮನೆಗಳಿಗೆ ಬರುವುದು ಹೆಚ್ಚಾಗಿ ಗಲ್ಫ್ ಮೆಡಿಕಲ್ ದಾರಿಯಲ್ಲಿ. ಸೌದಿ, ಕುವೈತ್ ಮುಂತಾದ ಕಡೆಗೆ ಕೆಲಸಕ್ಕೆ ಹೊರಟ ಹುಡುಗರಿಗೆ ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಇರುತ್ತದೆ. ಪಾಸಿಟಿವ್ ಬಂದರೆ 'ಅನ್‌ಫಿಟ್'. ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಕಣ್ಣು ಬೆಳ್ಳಗಿದೆ, ನಿನ್ನೆ ವಾಲಿಬಾಲ್ ಆಡಿದ್ದಾನೆ. ವೀಸಾಕ್ಕೆ ಕೊಟ್ಟ ಹಣ ಹೋಯಿತು ಎಂಬ ಸಂಕಟದಲ್ಲಿ ಮನೆಯವರು ಚೀಟಿಯನ್ನು ಹರಿದು ಎಸೆಯುತ್ತಾರೆ. 'ಲ್ಯಾಬಿನವರದ್ದು ತಪ್ಪಿರಬೇಕು' ಅನ್ನುತ್ತಾರೆ. ಕೆಲವರು ಯಾವುದೋ ಮದ್ದು ಕುಡಿದು ಎರಡು ತಿಂಗಳು ಬಿಟ್ಟು ಮತ್ತೆ ಮೆಡಿಕಲ್‌ಗೆ ಹೋಗುತ್ತಾರೆ. ಆಮೇಲೆ ಆ ವಿಷಯವೇ ಮುಚ್ಚಿಹೋಗುತ್ತದೆ. ಊರಲ್ಲೇ ಅಂಗಡಿ ಹಾಕುತ್ತಾನೆ, ಮದುವೆಯಾಗುತ್ತದೆ, ಮಕ್ಕಳಾಗುತ್ತವೆ.

ಆ ಚೀಟಿ ಅವನಿಗೆ ಒಂದು ಉಪಕಾರ ಮಾಡಿತ್ತು, ಅದನ್ನು ಯಾರೂ ಅವನಿಗೆ ಹೇಳಲಿಲ್ಲ. ಎಚ್‌ಬಿಎಸ್‌ಎಜಿ ಆರು ತಿಂಗಳಿಗಿಂತ ಹೆಚ್ಚು ಕಾಲ ಪಾಸಿಟಿವ್ ಉಳಿದರೆ ರೋಗ ಒಳಗೆ ಬೇರುಬಿಟ್ಟಿದೆ ಎಂದರ್ಥ. ಇಪ್ಪತ್ತು ಮೂವತ್ತು ವರ್ಷ ಏನೂ ಗೊತ್ತಾಗದೆ ಇದ್ದು, ನಂತರ ಲಿವರ್ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು. ಒಂದು ತೊಟ್ಟು ಕುಡಿಯದವನಿಗೆ ಲಿವರ್ ಹೇಗೆ ಹಾಳಾಯಿತು ಎಂದು ನಾವು ಮಯ್ಯಿತ್ ಮನೆಯಲ್ಲಿ ಕೂತು ಆಶ್ಚರ್ಯಪಡುತ್ತೇವೆ. ಹಾಗೆಂದು ಪಾಸಿಟಿವ್ ಬಂದ ಎಲ್ಲರಿಗೂ ಮಾತ್ರೆ ಬೇಕಾಗಿಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಡಿಎನ್‌ಎ ಪರೀಕ್ಷೆ, ಎಸ್‌ಜಿಪಿಟಿ, ಸ್ಕ್ಯಾನಿಂಗ್ ನೋಡಿ ಡಾಕ್ಟರು ನಿರ್ಧರಿಸುತ್ತಾರೆ. ಬೇಕಾದವರಿಗೆ ದಿನಕ್ಕೊಂದು ಮಾತ್ರೆ. ಬೇಡದವರಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ. ಹೀಗೆ ನೋಡಿಕೊಂಡವರಲ್ಲಿ ಬಹಳಷ್ಟು ಮಂದಿ ಎಲ್ಲರ ಹಾಗೆ ಬಾಳುತ್ತಾರೆ. ಸಿ ಇದ್ದವರಿಗಂತೂ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ನೂರಕ್ಕೆ 95 ಮಂದಿಗೆ ಪೂರ್ತಿ ಗುಣ. ಆದರೆ ಸಿಯ ಪ್ರತಿಕಾಯ ಗುಣವಾದ ಮೇಲೂ ರಕ್ತದಲ್ಲಿ ಉಳಿಯುತ್ತದೆ. ವೈರಸ್ ಈಗ ಇದೆಯಾ ಎಂದು ಹೇಳುವುದು ಆರ್‌ಎನ್‌ಎ ಪರೀಕ್ಷೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಪರೀಕ್ಷೆ, ಮಾತ್ರೆ ಉಚಿತ. ಜಿಲ್ಲಾ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಚೀಟಿ ಹರಿದರೆ ನಷ್ಟ ಅವನೊಬ್ಬನಿಗಲ್ಲ. ಬಿ ವೈರಸ್ ದಾಂಪತ್ಯದಲ್ಲಿ ಹೆಂಡತಿಗೆ ದಾಟುತ್ತದೆ. ಅವಳಿಂದ ಹೆರಿಗೆ ಹೊತ್ತಿಗೆ ಮಗುವಿಗೆ ದಾಟಬಹುದು. ದೊಡ್ಡವರಿಗೆ ಬಂದರೆ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಮಾತ್ರ ಅದು ಶಾಶ್ವತವಾಗಿ ಉಳಿಯುವುದು. ಹುಟ್ಟುವಾಗ ಬಂದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಉಳಿಯುತ್ತದೆ. ಇದನ್ನು ತಡೆಯುವ ದಾರಿಯೂ ಇದೆ. ಗರ್ಭಿಣಿಗೆ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸುವುದು, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ತಾಯಿ ಪಾಸಿಟಿವ್ ಆಗಿದ್ದರೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್. ಆಮೇಲೆ 6, 10, 14ನೇ ವಾರದ ಲಸಿಕೆ. ಇಷ್ಟಾದರೆ ಹೆಚ್ಚಿನ ಮಕ್ಕಳು ಬಚಾವ್. ಆ ತಾಯಿ ಎದೆಹಾಲನ್ನೂ ಕೊಡಬಹುದು. ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಲಸಿಕೆ ಎನ್ನುವ ಅಜ್ಜಿಯಂದಿರಿಗೆ ಈ 24 ಗಂಟೆಯ ಲೆಕ್ಕವನ್ನು ದಯವಿಟ್ಟು ಓದಿ ಹೇಳಿ.

ಮುಚ್ಚಿಡುವುದು ಯಾವುದು, ಹೇಳುವುದು ಯಾವುದು

ಜನ ಯಾಕೆ ಮುಚ್ಚಿಡುತ್ತಾರೆ ಎಂಬುದೂ ನಮಗೆ ಗೊತ್ತು. ಸುದ್ದಿ ಹೊರಗೆ ಬಿದ್ದರೆ ತಂಗಿಗೆ ಸಂಬಂಧ ಕೂಡಿಬರುವುದಿಲ್ಲ, ಒಂದೇ ತಳಿಗೆಯಲ್ಲಿ ಊಟಕ್ಕೆ ಯಾರೂ ಕೂರುವುದಿಲ್ಲ, 'ಕೆಟ್ಟ ಚಾಳಿ ಇದ್ದಿರಬೇಕು' ಎಂದು ಪಿಸುಗುಟ್ಟುತ್ತಾರೆ. ಈ ಹೆದರಿಕೆಯಲ್ಲಿ ತಿಳಿವಳಿಕೆ ಕಡಿಮೆ. ಬಿ ಮತ್ತು ಸಿ ಒಂದೇ ತಳಿಗೆಯಲ್ಲಿ ಉಂಡರೆ, ಸಲಾಂ ಹೇಳಿ ಕೈ ಕೊಟ್ಟರೆ, ಅಪ್ಪಿಕೊಂಡರೆ, ಒಟ್ಟಿಗೆ ನಮಾಝಿಗೆ ನಿಂತರೆ ಹರಡುವುದಿಲ್ಲ. ಮಗುವಾಗಿದ್ದಾಗ ತಾಯಿಯಿಂದ ಬಂದಿರಬಹುದು, ಸರಿಯಾಗಿ ಕುದಿಸದ ಸೂಜಿಯಿಂದ ಬಂದಿರಬಹುದು, ಕ್ಷೌರದ ಬ್ಲೇಡಿನಿಂದ ಬಂದಿರಬಹುದು. ಅದಕ್ಕೆ ಚಾಳಿಯ ಬಣ್ಣ ಹಚ್ಚುವುದು ಬುಹ್ತಾನ್. ನಿಜವಾಗಿ ತಳಿಗೆಯಲ್ಲಿ ಹರಡುವುದು ಹೆಪಟೈಟಿಸ್ ಎ, ಅದೂ ಶೌಚದ ನಂತರ ಸೋಪಿನಲ್ಲಿ ತೊಳೆಯದ ಕೈಯಿಂದ.

ಶರೀಅತ್ತಿನ ಕಣ್ಣಲ್ಲಿ ನೋಡಿದರೆ ಎರಡು ಹಕ್ಕು ಇದೆ. ಬಾಳಸಂಗಾತಿಗೆ ಗೊತ್ತಿರುವುದು ಅವಳ ಅಥವಾ ಅವನ ಹಕ್ಕು, ಅದನ್ನು ಮುಚ್ಚಿ ನಿಕಾಹ್ ಮಾಡಿಸುವುದು ವಂಚನೆ. ಊರಿಗೆ ಗೊತ್ತಾಗದಿರುವುದು ರೋಗಿಯ ಹಕ್ಕು, ಆ ರಿಪೋರ್ಟ್ ಅಮಾನತ್. ಅದನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವವನು ಅಮಾನತ್ ಮುರಿದವನು. ಹೆಪಟೈಟಿಸ್ ಬಿ ಇದ್ದರೆ ಮದುವೆ ಆಗಬಾರದೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ಇನ್ನೊಬ್ಬರಿಗೆ ಪರೀಕ್ಷೆ ಮಾಡಿ, ಮೂರು ಡೋಸ್ ಲಸಿಕೆ ಹಾಕಿಸಿ, ಪ್ರತಿಕಾಯ ಬಂದಿದೆಯಾ ಎಂದು ರಕ್ತ ನೋಡಿದರೆ ದಾರಿ ಸುಗಮ.

ನಮ್ಮ ಜಮಾಅತ್‌ಗಳು ಮಾಡಬಹುದಾದದ್ದು

ಇದರಲ್ಲಿ ಮಸೀದಿ ಕಮಿಟಿಗೂ ಕೆಲಸ ಉಂಟು. ನಿಕಾಹ್‌ಗೆ ಅರ್ಜಿ ಕೊಡುವಾಗ ಹುಡುಗ ಹುಡುಗಿ ಇಬ್ಬರಿಗೂ ಎಚ್‌ಬಿಎಸ್‌ಎಜಿ, ಆ್ಯಂಟಿ ಎಚ್‌ಸಿವಿ ಮಾಡಿಸಿಕೊಳ್ಳಿ ಎಂದು ಸಲಹೆ ಕೊಡಬಹುದು. ಬಲವಂತ ಬೇಡ, ರಿಪೋರ್ಟನ್ನು ಕಮಿಟಿಗೆ ತೋರಿಸುವುದೂ ಬೇಡ. ಎರಡು ಮನೆಯವರ ನಡುವೆ ಇದ್ದರೆ ಸಾಕು. ನಮ್ಮ ಯುವಕರು ರಕ್ತದಾನದಲ್ಲಿ ಮುಂದೆ ಇದ್ದಾರೆ. ದಾನ ಕೊಟ್ಟ ರಕ್ತವನ್ನು ಬ್ಲಡ್ ಬ್ಯಾಂಕ್ ಬಿ, ಸಿಗೂ ಪರೀಕ್ಷೆ ಮಾಡುತ್ತದೆ. ಅಲ್ಲಿಂದ ಫೋನ್ ಬಂದರೆ ಹೆದರಿ ಕಟ್ ಮಾಡಬೇಡಿ, ಹೋಗಿ ಕೇಳಿ.

ಹಿಜಾಮ ಸುನ್ನತ್, ಆದರೆ ಒಬ್ಬರಿಗೆ ಬಳಸಿದ ಬ್ಲೇಡ್ ಮತ್ತು ಕಪ್ ಇನ್ನೊಬ್ಬರಿಗೆ ಬಳಸುವುದು ಸುನ್ನತ್ ಅಲ್ಲ. ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ ಎಂದು ಕೇಳಿ. ಮಕ್ಕಳ ಸುನ್ನತ್, ಹೆಣ್ಣುಮಕ್ಕಳ ಕಿವಿ ಚುಚ್ಚಿಸುವುದು, ಸಲೂನಿನ ಶೇವಿಂಗ್, ಹಜ್ ಉಮ್ರಾದಲ್ಲಿ ತಲೆ ಬೋಳಿಸುವುದು, ಎಲ್ಲ ಕಡೆಯೂ ಹೊಸ ಬ್ಲೇಡ್, ಹೊಸ ಸೂಜಿ. ಇದಕ್ಕೆ ನಾಚಿಕೆ ಬೇಡ.

ನೀರಿನ ವಿಷಯದಲ್ಲಿ ನಮ್ಮ ಮದುವೆ ಮನೆಗಳು ಎಚ್ಚರ ವಹಿಸಬೇಕು. 2024ರಲ್ಲಿ ಪಕ್ಕದ ಕೇರಳದ ಎರ್ನಾಕುಲಂ ಜಿಲ್ಲೆಯ ವೆಂಗೂರಿನಲ್ಲಿ ಕುಡಿಯುವ ನೀರು ಕೆಟ್ಟು ಹೆಪಟೈಟಿಸ್ ಎ ಹರಡಿ ಇನ್ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಸಾವುಗಳೂ ಆದವು. ನಾವು ಬಿಸಿನೀರಿಗೆ ತಣ್ಣೀರು ಬೆರೆಸಿ 'ಕುದಿಸಿದ ನೀರು' ಎಂದು ಕೊಡುತ್ತೇವೆ. ಎಲ್ಲಿಯದೆಂದು ಗೊತ್ತಿಲ್ಲದ ಐಸ್ ಹಾಕಿ ಶರಬತ್ತು ಮಾಡುತ್ತೇವೆ. ಬಾವಿಯ ಹತ್ತಿರವೇ ಟಾಯ್ಲೆಟ್ ಗುಂಡಿ ಇರುತ್ತದೆ. ಹೆಪಟೈಟಿಸ್ ಇ ಹೀಗೇ ಬರುವುದು, ತುಂಬು ಗರ್ಭಿಣಿಯರಲ್ಲಿ ಅದು ಪ್ರಾಣಕ್ಕೇ ಕುತ್ತು. ಗರ್ಭಿಣಿಗೆ ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಆ ದಿನವೇ ಆಸ್ಪತ್ರೆ.

ಖರ್ಚು ಎನ್ನುವವರಿಗೆ ಒಂದು ಮಾತು. ಮದುವೆಯ ಸ್ಟೇಜಿನ ಹೂವಿಗೆ ಕೊಡುವ ಹಣದ ಸಣ್ಣ ತುಂಡಿನಲ್ಲಿ ಇಡೀ ಮನೆಗೆ ಈ ಪರೀಕ್ಷೆ ಮುಗಿಯುತ್ತದೆ. ಈ ಶುಕ್ರವಾರ ಮನೆಯಲ್ಲಿ ಕೂತು ಕೇಳಿ: ನಮ್ಮಲ್ಲಿ ಯಾರಿಗೆ ಎಚ್‌ಬಿಎಸ್‌ಎಜಿ ನೋಡಿದ್ದಾರೆ? ಯಾರಿಗೆ ಲಸಿಕೆ ಆಗಿದೆ? ಹಳೆಯ ಅನ್‌ಫಿಟ್ ಚೀಟಿ ಯಾರ ಕಪಾಟಿನಲ್ಲಿದೆ? ಇದ್ದರೆ ಅದನ್ನು ಹೊರಗೆ ತೆಗೆದು ಸೋಮವಾರ ಡಾಕ್ಟರ ಹತ್ತಿರ ಹೋಗಿ. ಅಲ್ಲಾಹು ನಮ್ಮೆಲ್ಲರಿಗೂ ಆಫಿಯತ್ ಕೊಡಲಿ, ಆಮೀನ್.